ಮದರಂಗಿ ಬೇಲಿಯ ಕಾಕು

ಕಾಕು ಹೋದ ಸುದ್ದಿ ನನಗೆ ತಿಳಿದದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಕೂತವರು ಹುಬ್ಬಳ್ಳಿ ಕಡೆಯ ಗೃಹಸ್ಥರು. ಮಾತಿಗೆ ಮಾತು ಬಂದು ನಾನು ನಾಗಪುರದಲ್ಲಿದ್ದವಳು ಎಂದೆ. ಅವರು ತಟ್ಟನೆ ತಿರುಗಿ, "ಹಂಗಾದ್ರ ನಮ್ಮ ಸಣ್ಣ ಕಾಕು ನಿಮಗ ಗೊತ್ತಿರಬೇಕಲ್ರೀ? ರೇಲ್ವೆದವ್ರ ಮನಿಯವ್ರು. ಹೋದ ಆಷಾಢದಾಗ ತೀರಿಕೊಂಡ್ರು" ಎಂದರು.

ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟೆ. "ಹಾಸಿಗೆ ಹಿಡಿದಿದ್ದರಾ?" ಎಂದು ಕೇಳಿದೆ.

"ಹಾಸಿಗಿ? ಅವರೆಲ್ಲಿ ಹಿಡೀತಾರ್ರೀ! ಅಂಗಳದಾಗ ಅಡ್ಡಾಡಿಕೋತ ಇದ್ರು. ತುಳಸಿಕಟ್ಟಿ ಹಿಡಕೊಂಡು ಒಂದು ಗಳಿಗಿ ನಿಂತ್ರು. ಅಷ್ಟ."

ಅವರು ನಗಲು ಹೋದರು, ಕಣ್ಣೊರೆಸಿಕೊಂಡರು. ನಾನು ಎಲೆ ಮಡಚಿ ಎದ್ದೆ.

ಕಾಕು ಒಂದು ಕಡೆ ಕೂತದ್ದನ್ನು ನಾನು ಕಂಡದ್ದು ಕಡಿಮೆ. ನಾನು ಮದುವೆಯಾಗಿ ಮೈಸೂರಿನಿಂದ ನಾಗಪುರಕ್ಕೆ ಹೋದ ಹೊಸದು. ನಮ್ಮವರಿಗೆ ಕೇಂದ್ರ ಸರ್ಕಾರದ ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ. ರಾಮದಾಸಪೇಠದಲ್ಲಿ ಒಂದು ಹಳೆಯ ಬಂಗಲೆಯ ಹಿಂಭಾಗವನ್ನು ಎರಡು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವರು. ಗಂಡ ರೈಲ್ವೆಯಲ್ಲಿ ಇನ್‌ಸ್ಪೆಕ್ಟರು. ವಾರದಲ್ಲಿ ಅರ್ಧದಷ್ಟು ದಿನ ಲೈನಿನ ಮೇಲೆ. ಮಕ್ಕಳಿರಲಿಲ್ಲ. ಮೂಲ ಗದಗಿನ ಕಡೆ. ಅಲ್ಲಿ ಚಿಕ್ಕಮ್ಮನಿಗೆ ಕಾಕು, ಚಿಕ್ಕಪ್ಪನಿಗೆ ಕಾಕಾ ಅನ್ನುತ್ತಾರೆ, ನಾನೂ ಅವರಿಬ್ಬರನ್ನು ಹಾಗೇ ಕರೆದೆ. ನಲವತ್ತರ ಆಸುಪಾಸಿನ, ಉದ್ದನೆಯ, ಒಣಕಲು ಹೆಂಗಸು. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಚಪ್ಪಲಿ ಪಟಪಟ ಬಡಿಯುತ್ತಾ ನಡೆದರೆ ಹಿಂದೆ ಬರುವವರು ಓಡಬೇಕಾಗುತ್ತಿತ್ತು.

ಮೊದಲ ದಿನ ಬಾಗಿಲಲ್ಲಿ ಬಂದು ನಿಂತಾಗ ನಾನು ಚಾಪೆ ಹಾಸಿ, "ಕೂತ್ಕೊಳ್ಳಿ" ಅಂದೆ.

"ಕೂಡೂದು ಇದ್ದೇ ಅದ. ಮೊದಲ ಈ ಕಿಡಕಿ ತಗಿ" ಎಂದು ತಾವೇ ಒಳಗೆ ನುಗ್ಗಿ ಒಂದೊಂದೇ ಕಿಟಕಿ ತೆರೆದರು. "ನೀವು ಮೈಸೂರವ್ರು ಕಿಡಕಿ ಯಾಕ ಇಡಸ್ತೀರವಾ? ಮುಚ್ಚಲಿಕ್ಕೇನು?"

ಅವರಿಗೆ ಚಹಾ ನಿಂತೇ ಆಗಬೇಕು. ಒಂದು ಮಾತನ್ನು ನಮ್ಮ ಮನೆಯಲ್ಲಿ ಶುರು ಮಾಡಿ ತಮ್ಮ ಮನೆಯಲ್ಲಿ ಮುಗಿಸುತ್ತಿದ್ದರು. ಒಲೆಯ ಮೇಲೆ ಬೇಳೆ ಇಟ್ಟು, ಒರಳಲ್ಲಿ ಚಟ್ನಿ ಅರ್ಧ ರುಬ್ಬಿ, ಇದ್ದಕ್ಕಿದ್ದಂತೆ ಮೆಟ್ಟಿಲಿಳಿದು ಬೀದಿಗೆ ಹೋಗಿಬಿಡುವರು. ಎಷ್ಟೋ ಸಲ ಅವರ ಬೇಳೆ ತಳಹತ್ತದಂತೆ ಇಳಿಸಿಟ್ಟವಳು ನಾನು. ಕಾಕಾ ಮನೆಯಲ್ಲಿದ್ದರೆ ನಗುತ್ತಿದ್ದರು: "ರೇಲ್ವೆ ನೌಕರಿ ನಂದು. ಗಾಲಿ ಮಾತ್ರ ಇಕಿ ಕಾಲಾಗ ಅವ."

ಸಂಜೆಯಾಗುತ್ತಲೇ ಬಾಗ್. ಆ ಉದ್ಯಾನಕ್ಕೆ ದೊಡ್ಡದೊಂದು ಹೆಸರಿತ್ತು, ಕಮಾನಿನ ಮೇಲೆ ಕೆತ್ತಿಸಿಯೂ ಇದ್ದರು. ನಮಗೆ ಅದು ಬರೇ ಬಾಗ್. ಮೊದಲ ಸಲ ಕರೆದೊಯ್ದಾಗ ನಾನು ತುಂಬು ಬಸುರಿ. ಅವರು ಮುಂದೆ ಮುಂದೆ ನಡೆಯುತ್ತಾ, ತಲೆ ಮಾತ್ರ ಹಿಂದಕ್ಕೆ ತಿರುಗಿಸಿ ತೋರಿಸುತ್ತಾ ಹೋದರು. "ಈ ಬಾವಿ ನೋಡು, ಭೋಸಲೆ ರಾಜರ ಕಾಲದ್ದು. ಮೆಟ್ಟಲ ಇಳದು ಹೋದ್ರ ಬ್ಯಾಸಗಿಯೊಳಗೂ ನೀರು. ಆವಾಗ ಇದು ಅರಮನಿಯವ್ರ ಹಣ್ಣಿನ ತೋಟ. ಆಮ್ಯಾಲ ಇಂಗ್ರೇಜಿಯವ್ರು ಬಂದು ಸುತ್ತಲ ಕಬ್ಬಿಣದ ಸರಳು ಹಾಕಿದ್ರು."

ಆ ಇಂಗ್ಲಿಷರೇ ನಡುವೆ ಕಲ್ಲಿನ ದುಂಡು ಮಂಟಪ ಕಟ್ಟಿಸಿ ಪಲ್ಟನ್ನಿನ ಬ್ಯಾಂಡು ಬಾರಿಸಲು ಇಟ್ಟಿದ್ದರಂತೆ. ನಾವು ಹೋಗುವ ಕಾಲಕ್ಕೆ ಅಲ್ಲಿ ಪೆನ್ಷನ್ನಿನ ಮುದುಕರು ಇಸ್ಪೀಟು ಆಡುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ರಾಣಿಯ ವಿಗ್ರಹವನ್ನು ಎತ್ತಿಕೊಂಡು ಹೋಗಿದ್ದರು. ಖಾಲಿ ಪೀಠದ ಮೇಲೆ ಶೇಂಗಾದವನು ಬುಟ್ಟಿ ಇಟ್ಟುಕೊಂಡು ನಿಲ್ಲುತ್ತಿದ್ದ. ಹಿತ್ತಾಳೆಯ ಸಿಂಹದ ಬಾಯಿಯಿಂದ ನೀರು ಬರುವ ಒಂದು ನಲ್ಲಿ. ಜಿಂಕೆಯ ದೊಡ್ಡಿ. ಸತ್ತ ಸಾಹೇಬರ ಹೆಸರು ಕೆತ್ತಿದ ಬೆಂಚುಗಳು. ಕಾಕು ಯಾವ ಬೆಂಚಿನ ಹತ್ತಿರವೂ ನಿಲ್ಲಲಿಲ್ಲ. ನಾನು ಏದುಸಿರು ಬಿಡುವುದನ್ನು ಕೊನೆಗೊಮ್ಮೆ ಕಂಡು, "ಅಯ್ಯ, ನೀ ಬಸರಿ ಅಂಬೂದು ಮರತಿದ್ದೆ. ನಡಿ, ನಿನ್ನ ಕೊಂಡವಾಡದಾಗ ಬಿಟ್ಟು ಬರ್ತೀನಿ" ಅಂದರು.

ಕೊಂಡವಾಡ ಅಂದರೆ ಬೀದಿ ದನ ಕೂಡಿಹಾಕುವ ದೊಡ್ಡಿ. ಅವರು ಹಾಗೆ ಕರೆದದ್ದು ಬಾಗಿನ ಮೂಡಣ ಮೂಲೆಯಲ್ಲಿದ್ದ ಹೆಂಗಸರ ತೋಟವನ್ನು. ಹಿಂದೆ ಯಾರೋ ದೊಡ್ಡ ಸಾಹೇಬನ ಹೆಂಡತಿ, ಪರದೆಯ ಹೆಂಗಸರಿಗೂ ಗಾಳಿ ಬೇಕೆಂದು ಮಾಡಿಸಿದ್ದಂತೆ. ಸುತ್ತ ಮದರಂಗಿಯ ಬೇಲಿ, ಎರಡಾಳು ಎತ್ತರ, ಕೈ ತೂರದಷ್ಟು ದಟ್ಟ. ಒಂದೇ ಒಂದು ಬಾಗಿಲು. ಟಾಂಗಾವನ್ನು ಹಿಂದುಮುಂದಾಗಿ ಬಾಗಿಲಿಗೆ ಒತ್ತಿ ನಿಲ್ಲಿಸಿದರೆ ಇಳಿಯುವವರ ಉಗುರೂ ಹೊರಗಿನವರಿಗೆ ಕಾಣದು. ಒಳಗೆ ಹುಲ್ಲು, ಎರಡು ಉಯ್ಯಾಲೆ, ಒಂದು ಬೇವಿನ ಮರ.

ನನಗೋ ಅದು ಸ್ವರ್ಗ. ಊರಿಗೆ ಹೊಸಬಳು, ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಮಗು ಹುಟ್ಟಿದ ಮೇಲಂತೂ ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಎದೆಹಾಲು ಕೊಡಬಹುದಾದ ಜಾಗ ಇಡೀ ನಾಗಪುರದಲ್ಲಿ ಅದೊಂದೇ ಅನ್ನಿಸುತ್ತಿತ್ತು. ನಮ್ಮ ಬೀದಿಯ ವಕೀಲರ ಹೆಂಡತಿ, ಮೂಗಿನ ತುಂಬ ನತ್ತಿಟ್ಟ ಭಾರಿ ಮರಾಠಿ ಹೆಂಗಸು, ಅಲ್ಲಿನ ಯಜಮಾನಿ. ಯಾರ ಮಗು ಅತ್ತರೂ ಅವರ ತೊಡೆಗೆ ಹೋಗುತ್ತಿತ್ತು. ಹಳೇ ಊರಿನಿಂದ ಟಾಂಗಾದಲ್ಲಿ ಒಬ್ಬ ವಯಸ್ಸಾದ ಬೀಬಿ ಸೊಸೆಯರನ್ನು ಕರೆತರುತ್ತಿದ್ದರು. ಒಳಗೆ ಬಂದು ಬುರ್ಖಾ ತೆಗೆದು ಬೇವಿನ ಕೊಂಬೆಗೆ ಹಾಕಿ ಆ ಸೊಸೆಯರು ಉಯ್ಯಾಲೆ ಹತ್ತಿದರೆ ಅವರ ನಗು ಬೇಲಿ ದಾಟುತ್ತಿತ್ತು.

ಕಾಕು ಬಾಗಿಲ ತನಕ ಬರುವರು, ಒಳಗೆ ಇಣುಕುವರು, ತಿರುಗಿ ಹೋಗುವರು. "ಒಳಗ ಬರ್ರಿ ಕಾಕು" ಎಂದರೆ, "ನನಗ ಉಸರು ಹಿಡೀತದ" ಅನ್ನುವರು. ಅದು ಅವರ ಹುಚ್ಚಾಟ ಎಂದೇ ನಾನು ತಿಳಿದಿದ್ದೆ.

ತಿಳಿದದ್ದು ತಪ್ಪು ಎಂದು ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಗೊತ್ತಾಯಿತು. ನಾಗಪುರದ ಬೇಸಿಗೆಯನ್ನು ಕಂಡವರಿಗೇ ಗೊತ್ತು. ಬಿಸಿಗಾಳಿ ಬೀಸತೊಡಗಿದರೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಕಾಕು ಮಗುವನ್ನು ನೋಡಲು ಬಂದಿದ್ದರು. ಗಾಳಿಗೆ ಧೂಳು ನುಗ್ಗುತ್ತದೆಂದು ನಾನು ಕದ ಮುಚ್ಚಿ ಅಗಳಿ ಹಾಕಿದೆ. ಹಳೆಯ ಕಬ್ಬಿಣದ ಅಗಳಿ. ಸ್ವಲ್ಪ ಹೊತ್ತಿಗೆ ಅವರು ಹೊರಟು ನಿಂತರು, ಅಗಳಿ ಸಿಕ್ಕಿಕೊಂಡಿತ್ತು. ನಾನು ಎಳೆದೆ, ಬರಲಿಲ್ಲ. "ಆಚಿಗೆ ಸರಿ" ಎಂದು ಅವರು ಎಳೆದರು. ಬರಲಿಲ್ಲ. ಆಮೇಲೆ ನಾನು ಕಂಡದ್ದು ಬೇರೆ ಯಾರನ್ನೋ. ಎರಡೂ ಕೈಯಲ್ಲಿ ಕದ ಬಡಿಯತೊಡಗಿದರು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಬಾಯಿಂದ ಮಾತಿಲ್ಲ, ಉಸಿರು ಮಾತ್ರ ಶಿಳ್ಳೆಯಂತೆ. ಮಗು ಹೆದರಿ ಕಿರಿಚಿತು. ಬೀದಿಯಲ್ಲಿ ಮರದಡಿ ಟಾಂಗಾ ಬಿಟ್ಟು ಮಲಗಿದ್ದವನು ಗದ್ದಲ ಕೇಳಿ ಬಂದು ಹೊರಗಿನಿಂದ ಭುಜ ಕೊಟ್ಟು ನೂಕಿದ. ಕದ ತೆರೆಯಿತು.

ಆ ಸುಡುಗಾಳಿಯಲ್ಲಿ ಮೆಟ್ಟಿಲ ಮೇಲೆ ಕಾಕು ಕೂತುಬಿಟ್ಟರು. ನಾನು ನೀರು ತಂದು ಕೊಟ್ಟೆ. ಕುಡಿದು, ತಂಬಿಗೆ ಪಕ್ಕಕ್ಕಿಟ್ಟು ಹೇಳಿದರು.

"ನನಗ ಆವಾಗ ಹದಿನಾರು. ಕೆಮ್ಮು ಹತ್ತಿತು. ನಮ್ಮತ್ತಿ ಕ್ಷಯ ಅಂದ್ರು. ಹಿತ್ತಲ ಖೋಲಿಯೊಳಗ ಹಾಕಿ ಹೊರಗಿಂದ ಚಿಲಕ. ಊಟದ ತಾಟು ಬಾಗಲ ಸಂದಿಯಿಂದ ದೂಡತಿದ್ರು. ಒಂದ ಕಿಡಕಿ, ಅದಕ್ಕೂ ಗೋಣಿಚೀಲ ಕಟ್ಟಿದ್ರು. ಎರಡು ಮಳಿಗಾಲ ಆ ಚೀಲದ ತೂತಿನಾಗ ನೋಡೀನವಾ."

"ಕಾಕಾ?"

"ಅವರು ಪುಣೆದಾಗ ಕಲೀಲಿಕ್ಕೆ ಹೋಗಿದ್ರು. ಎರಡನೇ ವರ್ಷದ ಸೂಟಿಗೆ ಬಂದವರು ಚಿಲಕ ತಗದು, ತಾಯಿ ಜೋಡಿ ಒಂದು ಮಾತೂ ಆಡಲಾರದ ನನ್ನ ಮಿರಜಕ್ಕ ಕರಕೊಂಡು ಹೋದ್ರು. ಡಾಕ್ಟರು ಎದಿಗೆ ನಳಿಗಿ ಇಟ್ಟು ನೋಡಿ, ಕ್ಷಯ ಎಲ್ಲಿ ಅದರಿ, ನಾಯಿಕೆಮ್ಮಿತ್ತು, ಎಂದೋ ಹೋಗ್ಯದ ಅಂದ್ರು." ಒಡೆದ ಬಳೆಯ ಚೂರು ಆಯುತ್ತಾ ಮುಂದುವರಿಸಿದರು: "ಅವತ್ತಿನಿಂದ ಇವತ್ತಿನ ತನಕ, ಎಲ್ಲಿಗೆ ಹೋಗ್ತಿ ಅಂತ ಅವರು ನನ್ನ ಕೇಳಿಲ್ಲ."

ಹೇಳಿ ಮುಗಿಸಿ ಎದ್ದರು. ಆ ಬಿಸಿಲಲ್ಲೇ ಎಲ್ಲಿಗೋ ಹೋದರು.

ಅದಾಗಿ ಕೆಲವು ತಿಂಗಳಿಗೆ ರಾಜ್ಯಗಳನ್ನು ಹೊಸದಾಗಿ ಹಂಚಿದರು. ಅದುವರೆಗೆ ರಾಜಧಾನಿಯಾಗಿದ್ದ ನಾಗಪುರದಿಂದ ಕಚೇರಿಗಳೆಲ್ಲ ಭೋಪಾಳಕ್ಕೆ ಹೊರಟವು. ಬೀದಿ ಬೀದಿಯಲ್ಲಿ ಲಾರಿ, ಲಾರಿಗಳ ಮೇಲೆ ಕಾಲು ಮೇಲಾದ ಮೇಜು, ಅಲಮಾರು. ಯಾರು ಎದುರಾದರೂ ಒಂದೇ ಪ್ರಶ್ನೆ: ಹೋಗುವವರೋ, ಇರುವವರೋ? ಊರಿಗೇ ಕಾಕುವಿನ ಕಾಲು ಬಂದಂತಿತ್ತು. ಹೆಂಗಸರ ತೋಟದಲ್ಲಿ ವಾರಕ್ಕೊಬ್ಬರು ಕಮ್ಮಿಯಾಗುತ್ತಿದ್ದರು.

ಆ ಗಡಿಬಿಡಿಯಲ್ಲೇ ಕಾಕುಗೆ ಹೊಸ ಹುರುಪು. ಬಾಗನ್ನು ನೋಡಿಕೊಳ್ಳಲು ಒಂದು ಕಮಿಟಿ ಇತ್ತು. ಅದರ ಸೆಕ್ರೆಟರಿ, ಸದಾ ನಗುಮುಖದ, ಬಾಯಿ ತುಂಬ ಪಾನು ಇಟ್ಟುಕೊಂಡ ಮನುಷ್ಯ, ದಿನಾ ಸಂಜೆ ಒಂದು ಸುತ್ತು ಬರುತ್ತಿದ್ದ. ಕಾಕು ಅವನ ದಾರಿಗೆ ಅಡ್ಡ ನಿಲ್ಲತೊಡಗಿದರು. "ಹಾ ಬಾಗ್ ನಾಹೀ, ಕೋಂಡವಾಡಾ ಆಹೇ! ಇದು ಬಾಗ್ ಅಲ್ಲ, ದನದ ದೊಡ್ಡಿ. ಹೆಂಗಸರು ದನಾನ? ಆ ಬೇಲಿ ಕಡಿಸ್ರಿ" ಎಂದು ಮರಾಠಿ ಕನ್ನಡ ಕಲಸಿ ಹೇಳುವರು. ಮೊದಮೊದಲು ಅವನು ಕೈಮುಗಿದು ದಾಟಿಕೊಂಡು ಹೋದ. ಒಂದು ದಿನ ನಿಂತು, ನಕ್ಕು, "ಬರೋಬರ್ ಬಾಯೀ, ಬರೋಬರ್" ಅಂದ, ನೀವು ಹೇಳುವುದು ಸರಿ ಎಂದು.

ವಾರದೊಳಗೆ ಕೊಡಲಿ ಬಂತು. ಮೂವತ್ತು ನಲವತ್ತು ವರ್ಷದ ಬೇಲಿ ಎರಡೇ ಹಗಲಲ್ಲಿ ನೆಲಕ್ಕೆ ಬಿತ್ತು. ಕಾಕು ಕಡಿದ ಬುಡಗಳ ಮೇಲೆ ಕಾಲಿಟ್ಟು ಇತ್ತಿಂದತ್ತ ಓಡಾಡಿದರು. "ನೋಡವಾ, ಗಾಳಿ ಬಂತು!" ಎಂದು ನನ್ನ ಕೈ ಹಿಡಿದು ಎಳೆದರು. ನಾನು ಮಗುವನ್ನು ಎದೆಗವಚಿಕೊಂಡು ಸೆರಗು ಹೊದ್ದು ನಿಂತಿದ್ದೆ. ಇಸ್ಪೀಟಿನ ಮುದುಕರು ಮಂಟಪದಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಬೇಲಿ ಹೋದ ಹಿಂದೆಯೇ ಆ ಹುಲ್ಲಿನ ಮೇಲೆ ಕುರ್ಚಿಗಳು ಬಂದವು. ಚಹಾದ ಅಂಗಡಿ ಬಂತು. ಬೇವಿನ ಮರಕ್ಕೆ ರೇಡಿಯೋ ಕೂಗಿಸುವ ಭೋಂಗಾ ಕಟ್ಟಿದರು. ಒಂದು ಉಯ್ಯಾಲೆಯ ಮೇಲೆ ಕಾಲೇಜಿನ ಹುಡುಗರು ಕೂತು ಸಿಗರೇಟು ಸೇದಿದರು. ಕಮಿಟಿಗೆ ಬೇಕಾಗಿದ್ದದ್ದು ಅದೇ. ಕಾಕು ಒಂದು ನೆಪ.

ಹೆಂಗಸರು ಬರುವುದು ನಿಂತಿತು. ವಕೀಲರ ಹೆಂಡತಿ ಬೀದಿಯಲ್ಲಿ ಎದುರಾದರೆ ಕಾಕುವಿನ ಕಡೆ ನೋಡದೆ ದಾಟುತ್ತಿದ್ದರು. ನಾನೂ ಹೋಗಲಿಲ್ಲ. ನನಗೂ ಸಿಟ್ಟಿತ್ತು, ಬಾಯಿ ಬಿಟ್ಟು ಹೇಳುವ ಧೈರ್ಯವಿರಲಿಲ್ಲ, ಅಷ್ಟೆ.

"ಅಂಜತಾವ" ಎಂದು ಕಾಕು ಮೊದಲು ಎಲ್ಲರನ್ನೂ ಬೈದರು. "ನಾಕು ದಿನ. ರೂಢಿ ಆಗ್ತದ."

ಒಂದು ಸಂಜೆ ನನ್ನನ್ನು ಒತ್ತಾಯದಿಂದ ಎಬ್ಬಿಸಿ ಕರೆದೊಯ್ದರು. ನಾವು ಹೆಂಗಸರ ತೋಟದ ಬಾಗಿಲಿದ್ದ ಜಾಗದ ಹತ್ತಿರ ಬರುವಾಗಲೇ ಬೀಬಿಯ ಟಾಂಗಾ ಬಂತು. ಅವರಿಗೆ ಸುದ್ದಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಟಾಂಗಾದವನು ರೂಢಿಯಂತೆ ಕುದುರೆಯನ್ನು ತಿರುಗಿಸಿ ಹಿಂದುಮುಂದಾಗಿ ತಂದು ನಿಲ್ಲಿಸಿದ. ಪರದೆಯ ಅಂಚು ಒಂದು ಬೆರಳಿನಷ್ಟು ಸರಿಯಿತು. ಒಳಗಿನವರಿಗೆ ಕಂಡಿರಬೇಕು: ಕುರ್ಚಿಗಳು, ಭೋಂಗಾ, ಗಂಡಸರು. ಪರದೆ ಬಿತ್ತು. ಒಳಗಿನಿಂದ ಏನೋ ಸಣ್ಣಗೆ ಹೇಳಿದ್ದು ಕೇಳಿಸಿತು. ಕುದುರೆ ಮತ್ತೆ ತಿರುಗಿ ಬಂದ ದಾರಿ ಹಿಡಿಯಿತು.

ಕಾಕು ಆ ಟಾಂಗಾ ಮರೆಯಾಗುವ ತನಕ ನಿಂತರು. ಅವರು ಅಷ್ಟು ಹೊತ್ತು ಅಲುಗಾಡದೆ ನಿಂತದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

"ಏನ್ ಮಾಡಿದೆ ನಾ?" ಅಂದರು. ಕೇಳಿದ್ದು ನನ್ನನ್ನಲ್ಲ.

ಮಾರನೇ ದಿನ ಸೆಕ್ರೆಟರಿಯ ಎದುರು ಹೋಗಿ ನಿಂತರು. ಈ ಸಲ ಅವನು ಆರಾಮಾಗಿ ಪಾನು ಜಗಿದು, "ಬಾಯೀ, ಕೋಂಡವಾಡಾ ತುಮ್ಹೀಚ್ ಮ್ಹಣಾಲಾತ್ ನಾ?" ಅಂದ. ದೊಡ್ಡಿ ಅಂದವರು ನೀವೇ ತಾನೆ? ಕಾಕು ತಲೆ ತಗ್ಗಿಸಿದರು. ಆದರೆ ಅಲ್ಲಿಂದ ಕದಲಲಿಲ್ಲ. ಅಂದು ಅವನು ಹೋದಲ್ಲೆಲ್ಲ ಹಿಂದೆ ಹೋದರು. ಮರುದಿನವೂ ಹೋದರು. ಜಿಂಕೆ ದೊಡ್ಡಿಗೆ ಹೋದರೆ ಜಿಂಕೆ ದೊಡ್ಡಿಗೆ, ಬಾವಿಗೆ ಹೋದರೆ ಬಾವಿಗೆ. ಕೊನೆಗೆ ಅವನಿಗೇ ಸುಸ್ತಾಯಿತು. ಅಂಗಡಿ ಕುರ್ಚಿಗಳನ್ನು ಅರ್ಧಕ್ಕೆ ಸರಿಸುತ್ತೇನೆ, ಬೇವಿನ ಮರದ ಕಡೆಯ ಅರ್ಧ ನಿಮಗೆ. ಬೇಲಿ ಬೇಕಾದರೆ ನೆಟ್ಟುಕೊಳ್ಳಿ, ಕಮಿಟಿಯಿಂದ ಆಳೂ ಇಲ್ಲ, ನೀರೂ ಇಲ್ಲ ಅಂದ.

ಅದು ಚಳಿಗಾಲದ ಕೊನೆ. ಮಾಲಿ ಹೇಳಿದ: "ಬಾರಿಶ್ ತಕ್ ಠಹರೋ ಬಾಯೀ." ಮಳೆ ಬರುವ ತನಕ ತಡೆಯಿರಿ, ಈಗ ನೆಟ್ಟರೆ ಒಣಗಿ ಹೋಗುತ್ತದೆ. ಅವನು ಹೇಳಿದ್ದು ಯಾರಿಗಾದರೂ ತಿಳಿಯುವ ಮಾತು. ಕಾಕುಗೆ ತಡೆಯುವುದೊಂದು ಬಿಟ್ಟು ಎಲ್ಲ ಬರುತ್ತಿತ್ತು. ಕಡಿದು ಎಸೆದ ಬುಡಗಳ ಚಿಗುರು, ಎಲ್ಲೆಲ್ಲಿಂದಲೋ ಬೇಡಿ ತಂದ ಕಡ್ಡಿಗಳು, ಎಲ್ಲ ಕೂಡಿಸಿ ತಾವೇ ಕಚ್ಚೆ ಬಿಗಿದು ಗುಂಡಿ ತೋಡಿ ನೆಟ್ಟರು. ಮೂಡಣಕ್ಕೊಂದು, ಪಡುವಣಕ್ಕೊಂದು ಎರಡು ಬಾಗಿಲಿನ ಜಾಗ ಬಿಟ್ಟರು. ಬೆಳಿಗ್ಗೆ ಸಂಜೆ ಮೆಟ್ಟಿಲಬಾವಿಗಿಳಿದು ಕೊಡದಲ್ಲಿ ನೀರು ತಂದು ಹನಿಸಿದರು. ಚಹಾದ ಅಂಗಡಿಯವರು ನೋಡಿ ನಗುತ್ತಿದ್ದರು.

ಬಿಸಿಲು ಏರಿತು. ಕಡ್ಡಿಗಳು ಒಂದೊಂದೇ ಕಪ್ಪಾದವು. ಕಾಕು ಕಪ್ಪಾದದ್ದನ್ನು ಕಿತ್ತು ಬೇರೆ ನೆಡುವರು, ಮತ್ತೆ ಬಾವಿಗೆ ಓಡುವರು. ಕೈಯಲ್ಲಿ ಬೊಬ್ಬೆ, ಕಾಲಲ್ಲಿ ಬಿರುಕು. ಕಾಕಾ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ, "ತಂಗಿ, ರಾತ್ರಿ ನಿದ್ದಿಗಣ್ಣಾಗೂ ನೀರು ನೀರು ಅಂತಾಳ. ನೀನರ ಹೇಳು" ಅಂದರು. ನಾನು ಹೇಳಲು ಹೋಗಲಿಲ್ಲ. ಮಗುವನ್ನು ಅವರ ಕೈಗೆ ಕೊಟ್ಟು, ನಮ್ಮ ಮನೆಯ ಕೊಡ ತೆಗೆದುಕೊಂಡು ಬಾಗಿಗೆ ನಡೆದೆ.

ಕಾಕು ನನ್ನನ್ನು ನೋಡಿ, "ಕೂಸೆಲ್ಲಿ?" ಎಂದಷ್ಟೇ ಕೇಳಿದರು. ಇಬ್ಬರೂ ಬಾವಿಗೂ ಬೇಲಿಗೂ ಓಡಾಡಿದೆವು. ಇಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

ಒಂದು ದಿನ ನಾವು ನೀರು ಹೊಯ್ಯುತ್ತಿರುವಾಗ ಹಿಂದಿನಿಂದ ಗಂಡು ದನಿಯಂಥ ದನಿ ಬಂತು: "ಅಸಂ ಪಾಣೀ ಘಾಲತಾತ್ ಕಾ?" ಹೀಗೂ ನೀರು ಹಾಕುತ್ತಾರಾ? ವಕೀಲರ ಹೆಂಡತಿ. ಸೊಂಟದ ಮೇಲೆ ತಾಮ್ರದ ಕೊಡ. ಕಾಕುವನ್ನು ಭುಜದಿಂದ ಬದಿಗೆ ಸರಿಸಿ, ಬಗ್ಗಿ, ಬುಡಕ್ಕೆ ಪಾತಿ ಮಾಡಿ ನಿಧಾನ ಹೊಯ್ದರು. ಆಮೇಲೆ ಕಾಕುವಿನ ಕೈ ಹಿಡಿದು ತಿರುಗಿಸಿ ಬೊಬ್ಬೆಗಳನ್ನು ನೋಡಿದರು. ತಮ್ಮ ಸೆರಗಿನ ಅಂಚು ಹರಿದು ಕಟ್ಟಿದರು. ಕಾಕು ಮೊದಲ ಸಲ ಹೇಳಿದ ಜಾಗದಲ್ಲಿ ಕೂತು ಕಟ್ಟಿಸಿಕೊಂಡರು. ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ, "ಜಲ್ದಿ ಮಾಡ್ರಿ, ಆ ಕಡೆ ಸಾಲು ಒಣಗಲಿಕ್ಕೆ ಹತ್ಯದ" ಅನ್ನುತ್ತಿತ್ತು.

ಮರುದಿನ ಇನ್ನಿಬ್ಬರು ಬಂದರು. ಅದರ ಮರುದಿನ ಮೂವರು. ಭೋಪಾಳಕ್ಕೆ ಹೋಗದೆ ಉಳಿದವರೆಲ್ಲ ಬಂದರು ಅನ್ನಬೇಕು. ಬೀಬಿಗೆ ಯಾರು ಹೇಳಿಕಳಿಸಿದರೋ, ಒಂದು ಸಂಜೆ ಟಾಂಗಾ ಬಂದು ನಿಂತಿತು. ಬೀಬಿ ಬುರ್ಖಾದಲ್ಲೇ ಇಳಿದು, ಸೊಸೆಯರನ್ನು ಒಳಗೇ ಕೂರಿಸಿ, ಒಂದು ಸಣ್ಣ ತಂಬಿಗೆಯಲ್ಲಿ ತಂದ ನೀರನ್ನು ಬಾಗಿಲ ಹತ್ತಿರದ ಗಿಡಕ್ಕೆ ಹಾಕಿ ಹೋದರು.

ಮಳೆ ಬೀಳುವ ಹೊತ್ತಿಗೆ ಅರ್ಧಕ್ಕರ್ಧ ಗಿಡ ಬದುಕಿತ್ತು. ಮಳೆ ಬಿದ್ದ ಮೇಲೆ ಮದರಂಗಿಗೆ ಯಾರ ಹಂಗೂ ಇಲ್ಲ. ಮೊಣಕಾಲು, ತೊಡೆ, ಸೊಂಟ ಎಂದು ಏರುತ್ತಾ ಹೋಯಿತು. ಕಾಕು ಈಗ ಒಳಗೆ ಬರುತ್ತಿದ್ದರು. ಬಂದು ಇದ್ದು ಬಿಡುತ್ತಿದ್ದರು ಎಂದರೆ ಸುಳ್ಳಾದೀತು. ಒಂದು ಬಾಗಿಲಿಂದ ಬಂದು, ಯಾರ ತಲೆಯಲ್ಲೋ ಹೂ ಸರಿಪಡಿಸಿ, ನನ್ನ ಮಗುವಿನ ಗಲ್ಲ ಹಿಂಡಿ, ಇನ್ನೊಂದು ಬಾಗಿಲಿಂದ ಹೋಗುತ್ತಿದ್ದರು.

ದಸರೆ ಕಳೆದು ಕಾಕಾಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೊಸ ರಾಜ್ಯವಾದ ಮೇಲೆ ಊರ ಕಡೆ ಹೋಗಬೇಕೆಂದು ಅವರೇ ಕೇಳಿಕೊಂಡಿದ್ದರು. ಸ್ಟೇಷನ್ನಿಗೆ ನಾನೂ ನಮ್ಮವರೂ ಹೋದೆವು. ಗಾಡಿ ಬಿಡುವ ತನಕ ಕಾಕು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದರು, ನಾನು ಜೊತೆಗೆ ನಡೆದೆ. "ಮೈಸೂರವಳ ಕಾಲು ಚಲೋ ಆಗ್ಯಾವ" ಎಂದು ನಕ್ಕರು. ನನಗೆ ಅಳು ಬಂತು. ಅವರು ಅಳಲಿಲ್ಲ, ಗಾಡಿ ಚಲಿಸಿದಾಗ ಅವರ ಮುಖದಲ್ಲಿ ಇದ್ದದ್ದು ಹೊಸ ಊರಿನ ಆತುರ.

ಅವರು ಹೋದ ಮೇಲಿನ ಮಳೆಗಾಲದ ಕೊನೆಗೆ ಮಾಲಿ ದೊಡ್ಡ ಕತ್ತರಿ ಹಿಡಿದು ಬಂದ. ಬೇಲಿ ನಮ್ಮ ತಲೆ ಮೀರಿ ಬೆಳೆದಿತ್ತು. ಎಷ್ಟು ಕತ್ತರಿಸಲಿ ಎಂದು ಕೇಳಿದ. ಬೀಬಿ, ಮೊದಲಿನ ಹಾಗೆ ಎರಡಾಳು ಎತ್ತರಕ್ಕೆ ಬಿಡು ಅಂದರು. ವಕೀಲರ ಹೆಂಡತಿ, ತಲೆಯ ಮಟ್ಟ ಸಾಕು ಅಂದರು. ಯಾರೋ ಹೊಸಬರು, ಮೊಣಕಾಲಿಗೆ ಇಳಿಸಿದರೆ ನೋಡಲು ಚಂದ ಅಂದರು. ವಾದವಾಯಿತು. ಮಾಲಿ ಬೇಸತ್ತು, ಯಾರ ಕಡೆಯೂ ಸೇರದೆ ನಿಂತಿದ್ದ ನನ್ನ ಕಡೆ ತಿರುಗಿ, "ಆಪ್ ಬೋಲೋ ಬಾಯೀ, ಕಿತನಾ?" ಅಂದ. ನೀವು ಹೇಳಿ, ಎಷ್ಟು?

ಅದುವರೆಗೆ ಆ ಊರಿನಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಕಾಕು ಹೇಳಿಬಿಡುತ್ತಿದ್ದರು.

ನಾನು ಮಗುವನ್ನು ವಕೀಲರ ಹೆಂಡತಿಯ ಕೈಗೆ ಕೊಟ್ಟೆ. ಬೇಲಿಯ ಒಂದು ತುಂಡನ್ನು ನನ್ನ ಗಲ್ಲದ ಮಟ್ಟಕ್ಕೆ ಕತ್ತರಿಸು ಎಂದು ಕೈಯಲ್ಲಿ ತೋರಿಸಿದೆ. ಕತ್ತರಿಸಿದ. ಅವನನ್ನು ಹೊರಗೆ ಹೋಗಿ ನಿಲ್ಲಲು ಹೇಳಿ, ಹುಲ್ಲಿನ ಮೇಲೆ ಕೂತು, ನನ್ನ ಮುರುಕು ಹಿಂದಿಯಲ್ಲಿ, "ಮೈ ದಿಖತೀ?" ಎಂದು ಕೂಗಿದೆ. ನಾನು ಕಾಣುತ್ತೇನಾ?

"ನಹೀ ದಿಖತೇ ಬಾಯೀ!"

ಎದ್ದು ನಿಂತೆ. ಬೇಲಿಯ ಮೇಲೆ ದುಂಡು ಮಂಟಪ ಕಂಡಿತು, ಶೇಂಗಾದವನು ಕಂಡ, ಅದರಾಚೆ ಕಬ್ಬಿಣದ ಸರಳು, ಸರಳಿನಾಚೆ ಸ್ಟೇಷನ್ನಿನ ಕಡೆ ಓಡುವ ರಸ್ತೆ ಕಂಡಿತು.

ಬೀಬಿ ನನ್ನ ಪಕ್ಕಕ್ಕೆ ಬಂದು ನಿಂತು, ಮೆಲ್ಲಗೆ ಹಿಮ್ಮಡಿ ಎತ್ತಿ ಹೊರಗೆ ನೋಡಿದರು. ಸ್ವಲ್ಪ ಹೊತ್ತು ನೋಡಿದರು.

"ಬಸ್, ಇತನಾ" ಎಂದೆ ನಾನು ಮಾಲಿಗೆ.